ಗೋಣೆಪ್ಪನ ಗಿಡಗಳಿಗೆ ಒಣಮೀನು

ಮೋಟೆಬೆನ್ನೂರಿನ ಗೋಣೆಪ್ಪನಿಗೆ ಈ ಲೋಕದಲ್ಲಿ ಹೆಮ್ಮೆಪಡಲು ಇದ್ದದ್ದು ಒಂದು ಸೌಟು. ಬ್ಯಾಡಗಿಯ ಪೇಟೆಯಲ್ಲಿ ಅವನಿಗೆ ಹಿತ್ತಾಳೆ ಪಾತ್ರೆಯ ಅಂಗಡಿ ಇತ್ತು, ಹೆದ್ದಾರಿಯ ಪಕ್ಕ ಎರಡು ಎಕರೆ ಹೊಲವಿತ್ತು, ಮನೆಯಲ್ಲಿ ಸುಶೀಲವ್ವನಂಥ ಹೆಂಡತಿ ಇದ್ದಳು. ಇವು ಯಾವುದರ ಬಗ್ಗೆಯೂ ಅವನು ಜಂಬ ಕೊಚ್ಚಿದ್ದನ್ನು ಯಾರೂ ಕೇಳಿಲ್ಲ. ಆದರೆ ಶ್ರಾವಣದ ಕಡೆಯ ಸೋಮವಾರ ಊರ ಮಠದಲ್ಲಿ ದಾಸೋಹ ನಡೆದಾಗ ಗೋದಿ ಹುಗ್ಗಿಯ ಸೌಟು ಹಿಡಿಯುವವನು ತಾನು, ತನಗಿಂತ ಮುಂಚೆ ತನ್ನಪ್ಪ, ಅವನಿಗಿಂತ ಮುಂಚೆ ಅವನಪ್ಪ ಎಂಬುದನ್ನು ಮಾತ್ರ ಕೊಡ ಕೊಳ್ಳಲು ಬಂದ ಗಿರಾಕಿಗಳಿಗೂ ಹೇಳದೆ ಬಿಡುತ್ತಿರಲಿಲ್ಲ. ನಮ್ಮೂರಿನಲ್ಲಿ ಪಂಚಾಯಿತಿಯ ಅಧ್ಯಕ್ಷಗಿರಿ ಯಾರಿಗೆ ಬೇಕಾದರೂ ಸಿಗಬಹುದು, ಹುಗ್ಗಿಯ ಸೌಟು ಹಾಗೆ ಸಿಗುವುದಿಲ್ಲ. ಊರಿಗೆ ಊರೇ ಕೂತ ಪಂಕ್ತಿಯ ಮುಂದೆ ಬಗ್ಗಿ ನಡೆಯುವ ಮನುಷ್ಯ ಆಚಾರವಂತನಾಗಿರಬೇಕು, ಸೊಂಟವೂ ಗಟ್ಟಿ ಇರಬೇಕು. ಈ ಎರಡರ ಬಗ್ಗೆಯೂ ಊರಿಗೆ ಅನುಮಾನ ಬಂದ ವರ್ಷದ ಕಥೆ ಇದು.

ಅದು ಊರಿಗೆ ಎರಡನೆಯ ಟಿ.ವಿ. ಬಂದ ವರ್ಷ. ಅದಕ್ಕೆ ಕೆಲವು ವರ್ಷ ಮೊದಲು ಗೋಣೆಪ್ಪ ಧಾರವಾಡದ ಕೃಷಿ ಮೇಳಕ್ಕೆ ಹೋಗಿದ್ದ. ಅಲ್ಲಿ ಒಂದು ಬುಟ್ಟಿಯಲ್ಲಿ ಕೋಳಿಮೊಟ್ಟೆ ಗಾತ್ರದ ಹಣ್ಣುಗಳು, ಮೇಲೆ ಇಂಗ್ಲಿಷಿನಲ್ಲಿ ‘ಇಂಡಿಯನ್ ಪ್ಲಮ್’ ಎಂಬ ಫಲಕ. ತಿಂದು ನೋಡಿದರೆ ನಮ್ಮ ಬಾರಿಹಣ್ಣಿನದೇ, ಎಂದರೆ ಎಲಚಿಯದೇ ರುಚಿ, ಮುಳ್ಳುಗಂಟಿಯಲ್ಲಿ ಹುಡುಗರು ಕಲ್ಲು ಹೊಡೆದು ಕೆಡವುವ ಅದೇ ಬಾರಿಹಣ್ಣು, ಕಸಿ ಮಾಡಿ ದೊಡ್ಡದಾಗಿಸಿದ್ದು ಅಷ್ಟೆ. ಆದರೆ ಫಲಕ ಓದಿದ ಮೇಲೆ ಗೋಣೆಪ್ಪನ ನಾಲಿಗೆಗೆ ಅದು ಬಾರಿ ಅನ್ನಿಸಲಿಲ್ಲ. ಸಸಿ ಮಾರುವವನು ನಾಲ್ಕೈದು ತಳಿಗಳನ್ನು ತೋರಿಸಿ, “ಕಲಸಿ ಹಚ್ರಿ, ಚಲೋ ಹಿಡೀತಾವ” ಎಂದ. ಪಾತ್ರೆ ವ್ಯಾಪಾರಿಗೆ ಕಲಸುವುದೆಂದರೆ ಆಗುವುದಿಲ್ಲ. ಅವನ ಅಂಗಡಿಯಲ್ಲಿ ಒಂದು ಸಾಲಿನ ಚರಿಗೆಗಳೆಲ್ಲ ಒಂದೇ ಅಚ್ಚಿನವು. ಎಲ್ಲಕ್ಕಿಂತ ದೊಡ್ಡ ಹಣ್ಣಿನ ಉಮ್ರಾನ್ ತಳಿಯೊಂದನ್ನೇ ಆರಿಸಿ ಎರಡು ಎಕರೆಗೂ ಅದನ್ನೇ ನೆಟ್ಟು, “ನಮ್ಮ ಪ್ಲಮ್ ತೋಟ” ಎಂದು ಹೇಳಿಕೊಂಡು ತಿರುಗಿದ.

“ಬಾರಿಗಿಡಕ್ಕ ಯಾರರ ತೋಟ ಅಂತಾರೇನ್ರಿ?” ಎಂದಳು ಸುಶೀಲವ್ವ.

“ಬಾರಿ ಅಲ್ಲ, ಪ್ಲಮ್ಮು!”

ಪ್ಲಮ್ಮು ಆಳೆತ್ತರ ಬೆಳೆಯಿತು, ಮಳೆಗಾಲದಲ್ಲಿ ಮೈತುಂಬ ಹೂಬಿಟ್ಟಿತು, ಹೂವೆಲ್ಲ ಉದುರಿತು, ಕಾಯಿ ಮಾತ್ರ ಒಂದೂ ಹಿಡಿಯಲಿಲ್ಲ. ಮರುವರ್ಷವೂ ಅದೇ ಹಣೆಬರಹ. ಅತ್ತ ಅವನ ಗೆಳೆಯ, ಬಸ್‌ಸ್ಟ್ಯಾಂಡಿನ ಎದುರಿನ ದರ್ಜಿ ಮಕ್ತುಮಸಾಬನ ಹಿತ್ತಿಲಲ್ಲಿ ಬಿಜಾಪುರದ ಬೀಗರು ತಂದುಕೊಟ್ಟ ಬೇರೊಂದು ತಳಿಯ ಗಿಡವಿತ್ತು. ಅದು ಪಾತ್ರೆ ತೊಳೆದ ನೀರು ಕುಡಿದುಕೊಂಡೇ ಅಷ್ಟಿಷ್ಟು ಕಾಯಿ ಕೊಡುತ್ತಿತ್ತು. ಗೋಣೆಪ್ಪ ಅಲ್ಲಿಗೆ ಹೋದಾಗಲೆಲ್ಲ ಅದರ ಕಾಯಿ ಎಣಿಸಿ ಬರುತ್ತಿದ್ದ.

ಮೂರನೆಯ ಸಲ ಹೂಬಿಡುವ ಹೊತ್ತಿಗೆ ಅವನು ತೋಟಗಾರಿಕೆಯ ಸಾಹೇಬರೊಬ್ಬರನ್ನು ಜೀಪಿನಲ್ಲಿ ಕರೆತಂದ. ಸಾಹೇಬರು ಗಿಡಗಳ ನಡುವೆ ಒಂದು ಸುತ್ತು ಹಾಕಿ ಬಂದು ನಕ್ಕರು.

“ಗೋಣೆಪ್ಪನವರ, ಇವೆಲ್ಲಾ ಒಂದ ತಾಯಿಗಿಡದ ಕಸಿ. ಒಂದ ತಳಿ ಹೂವಿನ ಪರಾಗ ಅದ ತಳಿ ಹೂವಿಗೆ ಬಿದ್ರ ಕಾಯಿ ಕಟ್ಟೂದಿಲ್ರಿ. ಬ್ಯಾರೆ ತಳಿದು ಬೇಕು.”

ಗೋಣೆಪ್ಪನಿಗೆ ವಿಜ್ಞಾನ ಬಾರದಿದ್ದರೂ ಬೆಡಗು ಗೊತ್ತಿತ್ತು. ಒಂದೇ ಬೆಡಗಿನ ಮನೆಗಳು ಅಣ್ಣತಮ್ಮಂದಿರ ಮನೆಗಳು, ಅವುಗಳೊಳಗೆ ಹೆಣ್ಣು ಕೊಟ್ಟು ತರುವ ಪದ್ಧತಿಯಿಲ್ಲ. “ಅಂದ್ರ ಒಂದ ಬೆಡಗಿನವನ್ನ ಎದುರಾಬದುರಾ ನಿಂದ್ರಿಸಿ ಮೂರು ವರ್ಷ ಕೂಸು ಆಗಲಿಲ್ಲ ಅಂತ ಅತ್ತೇನಿ!” ಎಂದು ಹಣೆ ಚಚ್ಚಿಕೊಂಡ.

“ಈ ವರ್ಷಕ್ಕ ಒಂದ ಉಪಾಯ ಐತಿ” ಎಂದರು ಸಾಹೇಬರು. “ಬ್ಯಾರೆ ತಳಿದು ಹೂಬಿಟ್ಟ ಟೊಂಗಿ ಕಡಕೊಂಬಂದು ನೀರಿನ ಕೊಡದಾಗ ಇಟ್ಟು, ಗಿಡದ ಬುಡಕ್ಕ ಇಡ್ರಿ. ಪರಾಗ ಹೊರೂದಕ್ಕ ಜೇನು ಬೇಕು. ಸುತ್ತ ಹತ್ತಿ ಹೊಲಕ್ಕ ಹುಳದ ಎಣ್ಣಿ ಹೊಡದು ಹೊಡದು ಜೇನು ಹೋಗ್ಯಾವ. ಬಾರಿ ಹೂವಿಗೆ ನೊಣ ಆದ್ರೂ ನಡೀತೈತಿ. ಕೆಲವರು ನೊಣ ಬರ್ಲಿ ಅಂತ ಗಿಡಕ್ಕ ಒಣಮೀನ ಕಟ್ತಾರ.” ಇಷ್ಟು ಹೇಳಿ ಸಾಹೇಬರು ಜೀಪು ಹತ್ತಿದರು. ಅಪ್ಪಟ ಲಿಂಗವಂತನ ಕೈಗೆ ಶ್ರಾವಣ ಮಾಸದಲ್ಲಿ ಒಣಮೀನು ಕೊಟ್ಟು ಹೋಗುತ್ತಿದ್ದೇನೆಂಬ ಕಲ್ಪನೆ ಅವರಿಗಿರಲಿಲ್ಲ.

ಟೊಂಗೆಗೆ ಚಿಂತೆಯಿರಲಿಲ್ಲ, ಮಕ್ತುಮಸಾಬನ ಹಿತ್ತಿಲಿತ್ತು. ಕೊಡಕ್ಕಂತೂ ಅಂಗಡಿಯೇ ಇತ್ತು. ಮೀನಿನ ಕೆಲಸವನ್ನು ಗೋಣೆಪ್ಪ ಗೆಳೆಯನಿಗೆ ಗುಟ್ಟಾಗಿ ಒಪ್ಪಿಸಿದ. ಮಕ್ತುಮಸಾಬ ಮೀನು ತಂದು ಅಡಿಗೆಮನೆಯಲ್ಲಿಟ್ಟು, ಗಿರಾಕಿ ಕರೆದರೆಂದು ಅಂಗಡಿಗೆ ಹೋದ. ಅವನ ಹೆಂಡತಿ ಗುಲಾಬಬಿಗೆ ಯಾರೂ ಏನೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಣೆಪ್ಪನ ನೊಣಗಳ ಪಾಲು ಸಾರಾಗಿ ಹೋಗಿತ್ತು.

“ನಿಮ್ಮ ಗಿಡಕ್ಕಂತ ನನಗೇನ ಗೊತ್ತರಿ ಅಣ್ಣಾರ?” ಎಂದು ಗುಲಾಬಬಿ ಸೆರಗು ಬಾಯಿಗಿಟ್ಟುಕೊಂಡಳು. “ಆದ್ರ ಭಾಳ ಚಲೋ ಮೀನ ಇದ್ವು.”

ಹೂವು ಕಾಯುವುದಿಲ್ಲ. ಮರುದಿನವೇ ಗೋಣೆಪ್ಪ ತಲೆಗೆ ಟವೆಲು ಸುತ್ತಿ, ಗುರುತಿನವರಿಲ್ಲದ ಊರಾಗಲೆಂದು ರಾಣೆಬೆನ್ನೂರಿಗೆ ಹೋದ. ಸಂತೆಯಲ್ಲಿ ಒಣಮೀನಿನ ಸಾಲನ್ನು ಮೂರು ಸಲ ಹಾದುಹೋಗಿ, ನಾಲ್ಕನೆಯ ಸಲ ಮುಖ ಆಕಡೆ ಮಾಡಿ ಕೈ ಮಾತ್ರ ಈಕಡೆ ಚಾಚಿ ಖರೀದಿ ಮಾಡಿದ. ಪೇಪರಿನಲ್ಲಿ ಸುತ್ತಿಸಿ, ಚೀಲದ ತಳಕ್ಕೆ ತುರುಕಿ, ಮೇಲೆ ಮೆಂತ್ಯದ ಸೂಡು ಇಟ್ಟು, ಹಾವೇರಿ ಬಸ್ಸಿನ ಕಡೆಯ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತ. ಬಸ್ಸು ಹೊರಡುವ ಗಳಿಗೆಗೆ ಓಡಿಬಂದು ಹತ್ತಿ, ಅವನ ಪಕ್ಕದಲ್ಲೇ ಧೊಪ್ಪನೆ ಕೂತವರು ಯಾರು? ಮಠದ ದಾಸೋಹ ಕಮಿಟಿಯ ಹಿರಿಯ, ಯಜಮಾನ ಸಿದ್ದಲಿಂಗಪ್ಪನವರು.

ಸಿದ್ದಲಿಂಗಪ್ಪನವರ ಬಾಯಲ್ಲಿ ಬೆಳಗಿನಿಂದ ಮಲಗುವ ತನಕ ಎಲೆಅಡಿಕೆ ಇರುತ್ತಿದ್ದುದರಿಂದ ಅವರ ಮಾತು ಊರಿನಲ್ಲಿ ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಅವರ ಮೇಲಿನ ಗೌರವಕ್ಕೆ ಅದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಅವರು ಗದ್ದ ಮೇಲೆತ್ತಿ ಏನು ಸಮಾಚಾರವೆಂದು ಕೇಳಿದರು. ಗೋಣೆಪ್ಪ ಹಲ್ಲು ಕಿರಿದ. ಬಸ್ಸು ಊರು ದಾಟುವ ಹೊತ್ತಿಗೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

“ಯಾರ್ರೀ ಅದು? ಸತ್ತ ಇಲಿ ಇಟ್ಕೊಂಡು ಹತ್ಯಾರ!”

ಎಲ್ಲರೂ ಕಾಲ ಕೆಳಗೆ ಬಗ್ಗಿ ನೋಡಿದರು. ಆಗಲೇ ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು. ಚೀಲ ಹಾರಿತು, ಮೆಂತ್ಯ ಚದುರಿತು, ಪೇಪರು ಹರಿಯಿತು, ಒಂದು ಮೀನು ತಲೆ ಹೊರಹಾಕಿ ಸಿದ್ದಲಿಂಗಪ್ಪನವರನ್ನು ನೆಟ್ಟಗೆ ನೋಡಿತು. ಸಿದ್ದಲಿಂಗಪ್ಪನವರೂ ಅದನ್ನು ನೋಡಿದರು. ಆಮೇಲೆ ಗೋಣೆಪ್ಪನನ್ನು ನೋಡಿದರು. ಕಿಟಕಿಯಿಂದಾಚೆ ಎಲೆಅಡಿಕೆ ಉಗುಳಿದರು. ಅದು ಅವರು ಸಾವಿನ ಮನೆಯಲ್ಲಿ ಮಾತ್ರ ಮಾಡುತ್ತಿದ್ದ ಕೆಲಸ.

“ಡಾಕ್ಟರ ಹೇಳ್ಯಾರೇನ?” ಎಂದರು ಮೆಲ್ಲಗೆ.

ಇಲ್ಲಿ ಗೋಣೆಪ್ಪ ನಿಜ ಹೇಳಬಹುದಿತ್ತು. ಆದರೆ ಪ್ಲಮ್ಮು ಕಾಯಿ ಬಿಟ್ಟಿಲ್ಲವೆಂದು ಹೇಳಬೇಕು, ಒಂದೇ ತಳಿ ಹಚ್ಚಿದ್ದು ತನ್ನ ಪೆದ್ದತನವೆಂದು ಹೇಳಬೇಕು, ಅದೂ ಇಡೀ ಬಸ್ಸಿನ ಎದುರು. ಅಷ್ಟೆಲ್ಲ ಹೇಳುವುದಕ್ಕಿಂತ ತಲೆ ಆಡಿಸುವುದು ಸುಲಭ. ಅವನು ಆಡಿಸಿದ.

ಸಿದ್ದಲಿಂಗಪ್ಪನವರು ಅವನ ಭುಜದ ಮೇಲೆ ಕೈಯಿಟ್ಟರು. ಯಾವ ರೋಗವೆಂದು ಕೇಳಲಿಲ್ಲ. ಕೇಳದಷ್ಟು ದೊಡ್ಡ ಮನಸ್ಸು ಅವರದು. ಶಾಖಾಹಾರಿ ಮನುಷ್ಯನಿಗೆ ಶ್ರಾವಣದಲ್ಲಿ ಮೀನು ತಿನ್ನು ಎಂದು ಡಾಕ್ಟರು ಹೇಳಬೇಕಾದರೆ ರೋಗ ಎಂಥದಿರಬೇಕು! ಮೋಟೆಬೆನ್ನೂರಿನಲ್ಲಿ ಇಳಿಯುವಾಗ ಅವರು ಚೀಲವನ್ನು ತಾವೇ ಹೊರಲು ಹೋದರು. ಗೋಣೆಪ್ಪ ಬಿಡಲಿಲ್ಲ. ಅವನು ಮನೆಯ ಕಡೆ ನಡೆದಾಗ ಹಿಂದೆ ಬಸ್‌ಸ್ಟ್ಯಾಂಡಿನ ಬೆಕ್ಕುಗಳೆಲ್ಲ ಸಾಲುಗಟ್ಟಿ ನಡೆದವು.

ನಮ್ಮೂರಿನಲ್ಲಿ ಕೆಟ್ಟ ಸುದ್ದಿ ಕಾಲಲ್ಲಿ ನಡೆದರೆ ಮರುಕದ ಸುದ್ದಿ ಸೈಕಲ್ ಹತ್ತುತ್ತದೆ. ಸಂಜೆಯೊಳಗೆ ಗೋಣೆಪ್ಪನಿಗೆ ಚಹಾದಂಗಡಿಯಲ್ಲಿ ಕ್ಷಯವಾಗಿತ್ತು, ಬಾವಿಯ ಕಟ್ಟೆಯಲ್ಲಿ ಮೂತ್ರಪಿಂಡ ಹೋಗಿತ್ತು, ಹಿಟ್ಟಿನ ಗಿರಣಿಯಲ್ಲಿ ರಕ್ತ ನೀರಾಗಿತ್ತು. ಮೀನು ತಿಂದನೆಂದು ಒಬ್ಬರೂ ಆಡಿಕೊಳ್ಳಲಿಲ್ಲ. ಮಠದ ಸ್ವಾಮಿಗಳಾದ ಅಜ್ಜಾವರ ಹತ್ತಿರ ವಿಷಯ ಹೋದಾಗ ಅವರೂ, “ಔಷಧಕ್ಕ ದೋಷ ಇಲ್ಲ” ಎಂದುಬಿಟ್ಟರಂತೆ.

ಬೆಳಗಾಗುತ್ತಲೇ ಮಗ್ಗುಲ ಮನೆಯ ಮುದುಕವ್ವ ಗಂಜಿ ಹಿಡಿದು ಬಂದಳು.

“ಬಾಯಿ ಕಹಿ ಆಗೈತೇನ ತಮ್ಮಾ?”

“ನನಗೇನೂ ಆಗಿಲ್ಲಬೇ ಆಯಿ. ಕಲ್ಲಗುಂಡ ಆಗೇನಿ.”

“ನಮ್ಮನಿಯವರೂ ಹಿಂಗ ಅಂತಿದ್ರು” ಎಂದು ಮುದುಕವ್ವ ಕಣ್ಣೊರೆಸಿಕೊಂಡಳು. “ಅಂದ ಎಂಟನೇ ದಿನಕ್ಕ ಹೋದ್ರು.”

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಒಬ್ಬರು ಎಳನೀರು ತಂದರು, ಒಬ್ಬರು ಭಸ್ಮ ತಂದರು. ಹತ್ತು ವರ್ಷದಿಂದ ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಹೊಲದವನೂ ಬಂದು, “ಬದು ನೀನ ಇಟ್ಕೊಳಪಾ, ಏನ ತಗೊಂಡ ಹೋಗೂದೈತಿ” ಎಂದು ಅತ್ತು ಹೋದ. ಗೋಣೆಪ್ಪನನ್ನು ನಿಜಕ್ಕೂ ಹೆದರಿಸಿದ್ದು ಹೆಂಡತಿ. ಸುಶೀಲವ್ವನಿಗೆ ಮೀನು ಯಾಕೆಂದು ಚೆನ್ನಾಗಿ ಗೊತ್ತಿತ್ತು, ಆದರೂ ಇಷ್ಟು ಜನ ಅತ್ತ ಮೇಲೆ ಅವಳಿಗೂ ಅಳುಕು ಹತ್ತಿತು. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪದ ಬೈಗುಳ ಆ ದಿನ ನಿಂತುಹೋಯಿತು. ಗೋಣೆಪ್ಪ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡ.

ತೋಟದ ಕೆಲಸ ಮಾತ್ರ ಬಿಡಲಿಲ್ಲ. ಮಕ್ತುಮಸಾಬ ಊರ ಹೆಂಗಸರ ಕುಪ್ಪಸಗಳನ್ನೆಲ್ಲ ಬದಿಗಿಟ್ಟು, ಹಳೆಯ ಸೊಳ್ಳೆಪರದೆ ಕತ್ತರಿಸಿ ಮೀನಿಗೆ ಪುಟ್ಟ ಪುಟ್ಟ ಚೀಲ ಹೊಲಿದುಕೊಟ್ಟ. ಅವನ ಹಿತ್ತಿಲ ಗಿಡ ಟೊಂಗೆ ಕೊಟ್ಟು ಕೊಟ್ಟು ಬೋಳಾಯಿತು. ಗುಲಾಬಬಿಯೇ ಟೊಂಗೆಗಳನ್ನು ಕಟ್ಟಿ ಕಟ್ಟಿ ಕೊಟ್ಟಳು. ಇಬ್ಬರೂ ಸೇರಿ ಗಿಡಗಳ ಬುಡಕ್ಕೆ ಹೊಳೆಯುವ ಹಿತ್ತಾಳೆಯ ಕೊಡಗಳನ್ನಿಟ್ಟು, ನೀರು ತುಂಬಿ, ಹೂಬಿಟ್ಟ ಟೊಂಗೆ ನಿಲ್ಲಿಸಿದರು. ಕೊಂಬೆಗಳಿಗೆ ಮೀನಿನ ಚೀಲ ಕಟ್ಟಿದರು. ನೊಣಗಳು ಎಲ್ಲಿದ್ದವೋ, ಹಾವೇರಿಯಿಂದಲೂ ಬಂದವು.

ಗೋಣೆಪ್ಪನನ್ನು ನೋಡಲು ಸಿದ್ದಲಿಂಗಪ್ಪನವರು ಕಮಿಟಿಯೊಂದಿಗೆ ತೋಟಕ್ಕೇ ಬಂದರು. ಸಾಲಾಗಿ ಕೊಡ, ಕೊಡದಲ್ಲಿ ಹಸಿರು ಟೊಂಗೆ, ಮೇಲೆ ಕಟ್ಟಿದ ಗಂಟು. ಅಷ್ಟು ಕಳಶಗಳನ್ನು ಒಟ್ಟಿಗೆ ಕಂಡು ಅವರು ಬದುವಿನಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು.

“ಆಯುಷ್ಯಕ್ಕ ಮಾಡ್ಸಿದ ಶಾಂತಿ ಏನಪಾ ಇದು?”

ಗೋಣೆಪ್ಪನಿಗೆ ತಡೆಯಲಾಗಲಿಲ್ಲ. ಉಮ್ರಾನ್, ಬೆಡಗು, ಪರಾಗ, ನೊಣ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. “ಮೀನ ನನಗಲ್ರಿ ಯಜಮಾನ್ರ, ಗಿಡಕ್ಕ! ಗಿಡಕ್ಕ ಮದಿವಿ ಮಾಡಾಕತ್ತೇನಿ, ನೊಣದ ಕೈಲಿ ಮಾಡ್ಸಾಕತ್ತೇನಿ!”

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೋಗ ತಲೆಗೆ ಏರಿದೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

“ನೀನರ ಹೇಳಪಾ” ಎಂದು ಸಿದ್ದಲಿಂಗಪ್ಪನವರು ಮಕ್ತುಮಸಾಬನ ಕಡೆ ತಿರುಗಿದರು.

“ಅಲ್ಲಾನ ಆಣಿ, ಖರೇ ಐತ್ರಿ. ಗಿಡಕ್ಕ ತಂದದ್ದು. ಚೀಲ ನಾನ ಹೊಲದೇನಿ.”

“ಗೆಳೆಯಾ ಅಂದ್ರ ಹಿಂಗ ಇರಬೇಕು” ಎಂದರು ಸಿದ್ದಲಿಂಗಪ್ಪನವರು ಗದ್ಗದರಾಗಿ. “ಆಣಿ ಮಾಡಿ ಮುಚ್ಚಿಡ್ತಾನ ನೋಡ್ರಿ.” ಆಮೇಲೆ ಗೋಣೆಪ್ಪನ ಕೈ ಹಿಡಿದರು. “ಈ ವರ್ಷ ನೀ ಸೌಟು ಹಿಡೀಬ್ಯಾಡ. ಪಂಕ್ತ್ಯಾಗ ಕುಂದ್ರು, ಉಣ್ಣು. ಬಡಸೂದು ನಾವು ನೋಡ್ಕೋತೀವಿ.”

ಗೋಣೆಪ್ಪನಿಗೆ ಎದೆಯೊಡೆದಂತಾಯಿತು. ಅಜ್ಜನ ಕಾಲದ ಸೌಟು, ಒಂದು ಶ್ರಾವಣವೂ ಕೈ ತಪ್ಪದ ಸೌಟು, ಒಂದು ಬಾರಿಗಿಡದ ದೆಸೆಯಿಂದ ಹೋಗುತ್ತಿತ್ತು. “ನನ್ನ ಸೊಂಟ ನೋಡ್ತೀರೇನು? ನೋಡ್ರಿ!” ಎಂದು ಕೂಗಿ, ನೀರು ತುಂಬಿದ ಎರಡು ಕೊಡಗಳನ್ನು ಎರಡು ಕೈಯಲ್ಲಿ ಎತ್ತಿ ತಲೆಯ ಮಟ್ಟಕ್ಕೆ ತಂದ. ಎತ್ತಿದ್ದು ಹೌದು. ಕಮಿಟಿಯವರ ಕಣ್ಣು ಅರಳಿದ್ದೂ ಹೌದು. ಅಷ್ಟರಲ್ಲಿ ತೆರೆದ ಬಾಯಿಗೆ ಒಂದು ನೊಣ ಹೊಕ್ಕಿತು. ಗೋಣೆಪ್ಪ ಕೆಮ್ಮಿದ, ಕೆಮ್ಮಿದ, ಕಣ್ಣು ಮೇಲೆ ಮಾಡಿ ಕೆಮ್ಮಿದ, ಕೊಡಗಳು ಉರುಳಿದವು, ಅವನೂ ಅವುಗಳ ಮಗ್ಗುಲಲ್ಲಿ ಉರುಳಿದ. ನಾಲ್ಕು ಜನ ಅವನನ್ನು ಎತ್ತಿಕೊಂಡು ಮನೆಗೆ ತಂದರು.

ಶ್ರಾವಣದ ಕಡೆಯ ಸೋಮವಾರ ಅವನು ಪಂಕ್ತಿಯಲ್ಲಿ ಕೂತ. ಹುಗ್ಗಿಯ ಕೊಪ್ಪರಿಗೆಯ ಹತ್ತಿರ ಸಿದ್ದಲಿಂಗಪ್ಪನವರು ಸೌಟನ್ನು ಹಾರೆ ಹಿಡಿದಂತೆ ಹಿಡಿದು ನಿಂತಿದ್ದರು. ಗೋಣೆಪ್ಪನಿಗೆ ಹೊಟ್ಟೆ ಉರಿಯಿತು. ಆದರೆ ಮೊದಲ ಸೌಟು ಅವನ ಎಲೆಗೇ ಬಿತ್ತು. ಹಿಂದಿನಿಂದ ಯಾರೋ ತುಪ್ಪ ಹಾಕಿದರು, ಇನ್ಯಾರೋ ಹಾಲು ಹಾಕಿದರು, ಬದುವಿನ ಜಗಳದವನು ತನ್ನ ಎಲೆಯ ಹಪ್ಪಳ ತಂದಿಟ್ಟ. ಬಡಿಸುವವನಿಗೆ ಯಾವಾಗಲೂ ಸಿಗುವುದು ಕಟ್ಟಕಡೆಗೆ, ಕೊಪ್ಪರಿಗೆಯ ತಳ ಕೆರೆದ ಆರಿದ ಹುಗ್ಗಿ. ಹಬೆಯಾಡುವ ಹುಗ್ಗಿ ಎಷ್ಟು ರುಚಿಯೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಸಿಟ್ಟಿನಿಂದಲೇ ಒಂದು ತುತ್ತು ತಿಂದ, ಎರಡನೆಯದಕ್ಕೆ ಸಿಟ್ಟು ಉಳಿಯಲಿಲ್ಲ. ಇವರಿಗೆಲ್ಲ ತಾನು ಇಷ್ಟು ಬೇಕಾದವನೇ ಎಂದು ಕಣ್ಣಲ್ಲಿ ನೀರು ಬಂತು. ಊರಿನವರು ಆ ಕಣ್ಣೀರನ್ನೂ ರೋಗದ ಲೆಕ್ಕಕ್ಕೆ ಹಿಡಿದರು.

ಮೀನು ಒಣಗಿ ಪುಡಿಯಾಯಿತು, ಟೊಂಗೆ ಬಾಡಿತು, ನೊಣಗಳು ತಮ್ಮ ತಮ್ಮ ಊರಿಗೆ ಹೋದವು. ಒಂದು ಬೆಳಿಗ್ಗೆ ಗೋಣೆಪ್ಪ ತೋಟಕ್ಕೆ ಹೋದಾಗ ಎಲೆಗಳ ಕೆಳಗೆ ಸಾಸಿವೆಯಷ್ಟು ಹಸಿರು ಕಾಯಿಗಳಿದ್ದವು. ಅವನು ಒಂದೊಂದು ಗಿಡಕ್ಕೂ ಕೈಮುಗಿದು, ಮಕ್ತುಮಸಾಬನ ಮನೆಯ ತನಕ ಓಡಿದ. ಗೆಳೆಯರಿಬ್ಬರೂ ಬೋಳು ಗಿಡದ ಕಟ್ಟೆಯ ಮೇಲೆ ಕೂತು ಸುಮ್ಮನೆ ನಕ್ಕರು. ಸಂಕ್ರಾಂತಿಯ ಹೊತ್ತಿಗೆ ಕೊಂಬೆಗಳು ನೆಲಕ್ಕೆ ಬಾಗಿದವು. ಗೋಣೆಪ್ಪನ ಮೈಯೂ ತುಂಬಿತ್ತು. ಊರೆಲ್ಲ ತಂದುಕೊಟ್ಟ ಗಂಜಿ, ಎಳನೀರು, ತುಪ್ಪ ಕೂಡಿ ಅವನ ಅಂಗಿಯ ಗುಂಡಿ ಹಾಕಲು ಬರದಂತಾಗಿತ್ತು. ಅದನ್ನು ಕಂಡು ಕಮಿಟಿ ಒಂದು ಠರಾವು ಮಾಡಿತು: ಗೋಣೆಪ್ಪ ಗುಣವಾದ ಸಂತೋಷಕ್ಕೆ ಮಠದಲ್ಲಿ ಹುಗ್ಗಿಯ ದಾಸೋಹ.

ಗೋಣೆಪ್ಪ ಆ ದಿನಕ್ಕಾಗಿಯೇ ಕಾದಿದ್ದ. ಬುಟ್ಟಿಗಟ್ಟಲೆ ಹಣ್ಣು ಹೊರಿಸಿಕೊಂಡು ಮಠಕ್ಕೆ ಬಂದ. ಎಲ್ಲರೂ ಕೂತ ಮೇಲೆ ಎದ್ದು ನಿಂತು, ಒಂದು ದೊಡ್ಡ ಹಣ್ಣು ಮೇಲೆತ್ತಿ ಹಿಡಿದ.

“ಎಲ್ಲಾರೂ ಕೇಳ್ರಿ! ನನಗ ಯಾವ ರೋಗ...”

“ತಡಿಯಪಾ, ಮೊದಲ ನಮ್ಮ ಕೆಲಸ ಮುಗೀಲಿ” ಎಂದರು ಸಿದ್ದಲಿಂಗಪ್ಪನವರು. ಅವರ ಮಾತು ಅಕ್ಷರ ಅಕ್ಷರ ಸ್ಪಷ್ಟವಾಗಿ ಕೇಳಿಸಿತು. ಆಗ ಊರಿಗೆ ಹೊಳೆಯಿತು, ಯಜಮಾನರ ಮಾತು ಶ್ರಾವಣದಿಂದಲೂ ಹೀಗೆ ತಿಳಿಯಾಗಿ ಕೇಳುತ್ತಿದೆ ಎಂದು. ಅವರು ಒಂದು ವೀಳ್ಯದೆಲೆಗೆ ಸುಣ್ಣ ಹಚ್ಚಿದರು. “ನೀ ಎದ್ದು ಓಡ್ಯಾಡೋತನಾ ಎಲಿಅಡಿಕಿ ಮುಟ್ಟೂದಿಲ್ಲಂತ ಬೇಡ್ಕೊಂಡಿದ್ನಿ.” ಎಲೆ ಬಾಯಿಗೆ ಹೋಯಿತು. ಅವರ ಕಣ್ಣು ಮುಚ್ಚಿಕೊಂಡವು.

ಅತ್ತ ಮುದುಕವ್ವ ಒಂದು ಲೋಟ ಚಹಾ ಹಿಡಿದು ಅಳುತ್ತ ನಗುತ್ತ ಊದುತ್ತಿದ್ದಳು. ಚಹಾ ಇಲ್ಲದಿದ್ದರೆ ಹಾಸಿಗೆಯಿಂದ ಏಳದ ಮುದುಕಿ, ಅಂಥದೇ ಹರಕೆ ಹೊತ್ತು ಅಷ್ಟು ತಿಂಗಳು ಬರೀ ಬಿಸಿನೀರು ಕುಡಿದಿದ್ದಳು. ಅವಳ ಪಕ್ಕದಲ್ಲಿ ಗುಲಾಬಬಿ ನಿಂತಿದ್ದಳು.

“ನಾನೂ ದರ್ಗಾಕ್ಕ ಹೋಗಿ ದಾರ ಕಟ್ಟಿ ಬಂದಿದ್ನಿರಿ ಅಣ್ಣಾರ” ಎಂದಳು.

“ನಿನಗ ಎಲ್ಲಾ ಗೊತ್ತಿತ್ತಲ್ಲವಾ! ಮೀನ ಗಿಡಕ್ಕಂತ ನಿನಗ ಗೊತ್ತಿತ್ತಲ್ಲ!”

“ಗೊತ್ತಿತ್ತರಿ. ಆದ್ರ ಊರ ಮಂದಿ ಎಲ್ಲಾ ಅಳಾಕತ್ತಿದ್ರು. ಖರೇನ ಏನರ ಇದ್ದುಬಿಟ್ರ, ಅಂತ ಜೀವ ಕೇಳಲಿಲ್ಲ.”

ಗೋಣೆಪ್ಪ ಮೇಲೆತ್ತಿದ ಕೈಯನ್ನು ನೋಡಿದ. ಹಣ್ಣು ಅಲ್ಲೇ ಇತ್ತು. ಅವನ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಸುಶೀಲವ್ವ ಹೆಂಗಸರ ಸಾಲಿನಿಂದ ಕಣ್ಣಿನಲ್ಲೇ ಗದರಿಸಿದಳು. ಅವನು ಕೈ ಇಳಿಸಿದ.

“ಏನೋ ಹೇಳಾಕತ್ತಿದ್ದೆಲ್ಲಪಾ?” ಎಂದು ಯಾರೋ ಕೇಳಿದರು.

“ಅದರಿ...” ಎಂದ ಗೋಣೆಪ್ಪ. ಒಮ್ಮೆ ಕೆಮ್ಮಿದ, ಈ ಸಲ ನೊಣವಿಲ್ಲದೆಯೇ. “ನನಗ ಯಾವ ರೋಗ ಬಂದಿದ್ರೂ ನಾ ಉಳೀತಿದ್ದಿಲ್ರಿ. ನಿಮ್ಮಿಂದ ಉಳಿದೆ. ನಿಮ್ಮ ಋಣ ದೊಡ್ಡದು. ಬಾರಿಹಣ್ಣು ತಂದೇನಿ, ಎಲ್ಲಾರೂ ತಿನ್ರಿ.”

ಮಠ ಚಪ್ಪಾಳೆಯಿಂದ ತುಂಬಿತು. ಸಿದ್ದಲಿಂಗಪ್ಪನವರು ಎದ್ದುಬಂದು ಸೌಟನ್ನು ಅವನ ಕೈಗಿಟ್ಟರು. ಗೋಣೆಪ್ಪ ಅದನ್ನು ಕಣ್ಣಿಗೊತ್ತಿಕೊಂಡು, ಧೋತರ ಮೇಲೆತ್ತಿ ಕಟ್ಟಿ, ಕೊಪ್ಪರಿಗೆಗೆ ಇಳಿಸಿದ. ಪಂಕ್ತಿಯ ಮೊದಲ ಎಲೆ ಯಜಮಾನರದೇ. ಅವರು ಬಾಯಿಯ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ, ಅಷ್ಟು ತಿಂಗಳಿಂದ ತಡೆದುಕೊಂಡಿದ್ದ ಪ್ರಶ್ನೆಯನ್ನು ಕಡೆಗೂ ಕೇಳಿದರು.

“ಗೋಣೆಪ್ಪ, ಈಗರ ಹೇಳು. ನಿನಗ ಆಗಿದ್ದರ ಏನು?”

ಗೋಣೆಪ್ಪ ಬಗ್ಗಿ ಅವರ ಎಲೆಗೆ ತುಂಬು ಸೌಟು ಹುಗ್ಗಿ ಹಾಕಿದ.

“ನೆನಪ ಇಲ್ರಿ ಯಜಮಾನ್ರ” ಎಂದ. “ಅಷ್ಟು ಚಲೋ ಗುಣ ಮಾಡೀರಿ ನೀವೆಲ್ಲಾ.”